ಊರ ಕಾವಲಿಗೆ ಬರೆಸಿದ ಹೆಸರು ಕಡಲೆಕಾಯಿ ಪೊಟ್ಟಣ ಸೇರಿತು!

ಮೊನ್ನೆ ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಐದೂವರೆ ಬಸ್ಸಿಗೆ ಕಾಯುತ್ತಾ ನಿಂತಿದ್ದೆ. ಬಸ್ಸು ಯಥಾಪ್ರಕಾರ ತಡ. ಹತ್ತು ರೂಪಾಯಿ ಕೊಟ್ಟು ಒಂದು ಪೊಟ್ಟಣ ಹುರಿದ ಕಡಲೆಕಾಯಿ ತಗೊಂಡೆ. ಕಡಲೆಕಾಯಿ ಮುಗಿದರೂ ಬಸ್ಸು ಬರಲಿಲ್ಲ. ಕೈಯಲ್ಲಿ ಉಳಿದ ಕಾಗದ ಬಿಡಿಸಿ ಓದಲು ಶುರು ಮಾಡಿದೆ. ಪತ್ರಿಕೆಯವರಿಗೆ ಕೈಗೆ ಸಿಕ್ಕಿದ್ದೆಲ್ಲ ಓದುವ ಚಟ.

ಅದೊಂದು ಪಟ್ಟಿ. ಮೇಲಿನ ತುದಿ ಹರಿದಿದ್ದರಿಂದ ಯಾವ ಕಚೇರಿಯದ್ದು ಎಂದು ತಿಳಿಯಲಿಲ್ಲ. ಉಳಿದದ್ದೆಲ್ಲ ಸ್ಪಷ್ಟವಾಗಿತ್ತು. ಕ್ರಮ ಸಂಖ್ಯೆ, ಹೆಸರು, ವಯಸ್ಸು, ಮನೆ ನಂಬರು, ಅಡ್ಡರಸ್ತೆ, ಮೊಬೈಲ್ ನಂಬರು. ಕೊನೆಯ ಕಾಲಂನಲ್ಲಿ 'ಸಕ್ಕರೆ / ಬಿ.ಪಿ. / ಟಿ.ಬಿ. / ಇತರೆ'. ಪ್ರತಿ ಹೆಸರಿನ ಮುಂದೆಯೂ ನೀಲಿ ಪೆನ್ನಿನಲ್ಲಿ ಅಚ್ಚುಕಟ್ಟಾಗಿ ತುಂಬಿದ್ದರು.

ಏಳನೇ ಸಾಲಿನ ಹೆಸರು ನೋಡಿ ನನಗೆ ಬೆವರಿಳಿಯಿತು. ಅದು ನಮ್ಮ ಮೇಷ್ಟ್ರು. ಮಿಡ್ಲ್ ಸ್ಕೂಲಿನಲ್ಲಿ ನನಗೆ ಮಗ್ಗಿ ಕಲಿಸಿದವರು, ಈಗ ಪಿಂಚಣಿಯಲ್ಲಿ ದಿನ ನೂಕುತ್ತಿರುವವರು. ಅವರ ಹೆಸರಿನ ಮುಂದೆ ಏನು ಬರೆದಿತ್ತು ಎಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ಆ ಪೊಟ್ಟಣಕ್ಕೂ ಈ ಪತ್ರಿಕೆಗೂ ಏನು ವ್ಯತ್ಯಾಸ?

"ಈ ಕಾಗದ ಎಲ್ಲಿಂದ ತಂದೆಯಮ್ಮ?" ಅಂತ ಕಡಲೆಕಾಯಿ ಮಾರುವಾಕೆಯನ್ನು ಕೇಳಿದೆ.

"ಗುಜರಿ ಅಂಗಡೀಲಿ ತೂಕಕ್ಕೆ ತಂದಿದ್ದು ಕಣ್ ಸ್ವಾಮಿ. ಯಾಕೆ, ಕಾಯಿ ಸೀದೋಗಿತ್ತಾ?"

ಕಾಯಿ ಸೀದಿರಲಿಲ್ಲ ತಾಯಿ. ಸೀದದ್ದು ಬೇರೆ.

ಅವರಿಗೆ ಗೊತ್ತಿರುವುದೆಷ್ಟು?

ಪಟ್ಟಿ ಯಾರದ್ದೇ ಇರಲಿ, ಅದರಿಂದ ಹುಟ್ಟಿದ ಪ್ರಶ್ನೆ ದೊಡ್ಡದು. ನಮ್ಮ ನಿಮ್ಮ ಬಗ್ಗೆ ಊರಿನ ಕಚೇರಿಗಳಿಗೆ ಎಷ್ಟು ಗೊತ್ತು? ಒಂದು ಸಲ ಬೆರಳು ಮಡಚಿ ಎಣಿಸಿ ನೋಡಿ.

ಮಗು ಹುಟ್ಟಿದರೆ 21 ದಿನದೊಳಗೆ ನೋಂದಾಯಿಸಬೇಕು, ಸತ್ತರೂ ಅಷ್ಟೇ. ಅದು 1969ರ ಜನನ ಮರಣ ನೋಂದಣಿ ಕಾಯಿದೆ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಮಕ್ಕಳಿಗೆ ಶಾಲೆಗೆ ಸೇರುವಾಗ ಹುಟ್ಟಿದ ದಿನಕ್ಕೆ ಜನನ ಪತ್ರವೇ ಪುರಾವೆ. ಮನೆ ಖಾತೆಗೆ ಆಧಾರ್, ಫೋಟೋ, ಕ್ರಯಪತ್ರ. ಅಂಗಡಿ ಲೈಸೆನ್ಸಿಗೆ ಬಾಡಿಗೆ ಕರಾರು, ಮೊಬೈಲ್ ನಂಬರು. ತಳ್ಳುಗಾಡಿಯವರ ಗುರುತಿನ ಚೀಟಿಗೆ ಫೋಟೋ, ಮನೆಮಂದಿಯ ವಿವರ. ನಲ್ಲಿ ಸಂಪರ್ಕ, ಆಶ್ರಯ ಮನೆಯ ಅರ್ಜಿ, ವಿಧವಾ ವೇತನ, ಅಂಗವಿಕಲರ ಭತ್ಯೆ. ಆಮೇಲೆ ಮನೆಮನೆಗೆ ಬರುವ ಆಶಾ ಕಾರ್ಯಕರ್ತೆಯ ಪುಸ್ತಕ. ಯಾರು ಬಸುರಿ, ಯಾರಿಗೆ ಕೆಮ್ಮು, ಯಾರಿಗೆ ಸಕ್ಕರೆ ಕಾಯಿಲೆ ಎಲ್ಲ ಅದರಲ್ಲಿ ಉಂಟು.

ಎಲ್ಲ ಒಂದೇ ಕಚೇರಿಯಲ್ಲಿ ಇರುವುದಿಲ್ಲ. ಪುರಸಭೆಯಲ್ಲಿ ಸ್ವಲ್ಪ, ತಾಲ್ಲೂಕು ಆಫೀಸಿನಲ್ಲಿ ಸ್ವಲ್ಪ, ಆಸ್ಪತ್ರೆಯಲ್ಲಿ ಸ್ವಲ್ಪ. ಒಟ್ಟು ಸೇರಿಸಿದರೆ, ಮನೆಯ ಯಜಮಾನನಿಗೂ ನೆನಪಿಲ್ಲದ ಸಂಗತಿ ಅವರ ಬೀರುವಿನಲ್ಲಿ, ಕಂಪ್ಯೂಟರಿನಲ್ಲಿ ಇದೆ. ಬೀರುವಿಗೆ ಬೀಗ ಉಂಟೋ ಇಲ್ಲವೋ, ಬೀಗದ ಕೈ ಯಾರ ಬಳಿ ಉಂಟು? ಯಾರೂ ಕೇಳಿಲ್ಲ.

ಕೇಳುವುದು ತಪ್ಪಲ್ಲ

ಹಾಗಂತ, ಕೇಳಬೇಡಿ, ಬರೆಯಬೇಡಿ ಅನ್ನುವ ಪೈಕಿ ನಾನಲ್ಲ. ಊರು ಕಾಯಬೇಕಾದರೆ ಊರಿನವರ ವಿಷಯ ಗೊತ್ತಿರಬೇಕು. ಡೆಂಗಿ ಜ್ವರವನ್ನೇ ತಗೊಳ್ಳಿ.

ಡೆಂಗಿ ಹರಡುವ ಸೊಳ್ಳೆ ಬಹಳ ದೂರ ಹಾರುವುದಿಲ್ಲ. ಕಚ್ಚುವುದು ಹೆಚ್ಚಾಗಿ ಹಗಲು ಹೊತ್ತು. ಹುಟ್ಟುವುದು ನಮ್ಮ ಮನೆಯ ಡ್ರಮ್ಮು, ಟೈರು, ಹೂವಿನ ಕುಂಡದ ತಟ್ಟೆಯಲ್ಲಿ ನಿಂತ ತಿಳಿನೀರಿನಲ್ಲಿ. ಆದ್ದರಿಂದ ಒಬ್ಬರಿಗೆ ಜ್ವರ ಬಂತು ಎಂದರೆ ಆ ಮನೆ, ಅಕ್ಕಪಕ್ಕದ ಮನೆ, ಆ ಬೀದಿಯ ನೀರಿನ ತೊಟ್ಟಿಗಳನ್ನು ಆ ವಾರವೇ ನೋಡಬೇಕು. ಲಾರ್ವಾ ಇದ್ದರೆ ಚೆಲ್ಲಿಸಬೇಕು, ಔಷಧಿ ಹೊಡೆಸಬೇಕು. ವಿಳಾಸವೇ ಇಲ್ಲದಿದ್ದರೆ ಹೊಗೆ ಗಾಡಿ ಎಲ್ಲಿಗೆ ಹೋಗಬೇಕು? ಅಧ್ಯಕ್ಷರ ಮನೆ ಮುಂದೆ ಎರಡು ಸುತ್ತು ಹಾಕಿ ವಾಪಸು ಬರುತ್ತೆ, ಅಷ್ಟೆ.

2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿತು. ಸೊಳ್ಳೆ ಹುಟ್ಟಲು ಬಿಟ್ಟರೆ ದಂಡ ಎಂದೂ ಹೇಳಿತು. ಪಟ್ಟಣದ ಮನೆಗಳಿಗೆ 400 ರೂಪಾಯಿ, ಅಂಗಡಿ ಹೋಟೆಲುಗಳಿಗೆ 1,000 ರೂಪಾಯಿ, ಖಾಲಿ ಸೈಟು, ಕಟ್ಟಡ ಕಟ್ಟುವ ಜಾಗಕ್ಕೆ 2,000 ರೂಪಾಯಿ. ದಂಡ ಹಾಕಬೇಕಾದರೂ ಹೆಸರು ಬರೆದುಕೊಳ್ಳಲೇಬೇಕು.

ಇಲ್ಲಿ ಒಂದು ಸೂಕ್ಷ್ಮ ಗಮನಿಸಿ. ಹೊಗೆ ಹೊಡೆಯುವ ಹುಡುಗನಿಗೆ ಬೇಕಾದ್ದು ಬೀದಿ ಹೆಸರು, ಮನೆ ನಂಬರು. ಆ ಮನೆಯಲ್ಲಿ ಜ್ವರ ಬಂದದ್ದು ಯಾರಿಗೆ, ಅವರಿಗೆ ಮದುವೆ ಗೊತ್ತಾಗಿದೆಯೋ ಇಲ್ಲವೋ, ಅವರಿಗೆ ಬೇರೆ ಯಾವ ಕಾಯಿಲೆ ಇದೆ ಎನ್ನುವುದು ಅವನಿಗೆ ಬೇಕಿಲ್ಲ. ಅದು ಬೇಕಾದ್ದು ಡಾಕ್ಟರಿಗೆ. ಯಾರಿಗೆ ಎಷ್ಟು ಬೇಕೋ ಅಷ್ಟನ್ನೇ ಕೊಡುವುದು, ಕೆಲಸ ಮುಗಿದ ಮೇಲೆ ಮುಚ್ಚಿಡುವುದು. ಇಡೀ ವಿಷಯದ ಗುಟ್ಟು ಇಷ್ಟೇ. ಇದಕ್ಕೆ ಕಾನೂನು ಪದವಿ ಬೇಕಾಗಿಲ್ಲ. ಮನೆ ನಡೆಸುವ ಹೆಂಗಸರಿಗೆ ಇದು ಚೆನ್ನಾಗಿ ಗೊತ್ತು. ಯಾವ ಮಾತು ಅಡಿಗೆಮನೆಯದು, ಯಾವುದು ಜಗಲಿಯದು ಎನ್ನುವ ಲೆಕ್ಕ ಅದು.

2020ರಲ್ಲಿ ಆದದ್ದು ನೆನಪಿದೆಯೇ?

ಅಡಿಗೆಮನೆ ಮಾತು ಜಗಲಿಗೆ ಬಂದರೆ ಏನಾಗುತ್ತೆ ಎನ್ನುವುದನ್ನು ನಾವೆಲ್ಲ ಕೊರೊನಾ ಕಾಲದಲ್ಲಿ ಕಣ್ಣಾರೆ ಕಂಡೆವು.

2020ರ ಮಾರ್ಚ್ ತಿಂಗಳಲ್ಲಿ ಹೊರದೇಶದಿಂದ ಬಂದು ಮನೆಯೊಳಗೆ ಇರಬೇಕಾದವರ ವಿಳಾಸಗಳ ಪಟ್ಟಿಯನ್ನು ರಾಜ್ಯ ಸರ್ಕಾರವೇ ಜಿಲ್ಲಾವಾರು ಪ್ರಕಟಿಸಿತು. ಅವರ ಕೈ ಮೇಲೆ ಸುಲಭಕ್ಕೆ ಅಳಿಸದ ಶಾಯಿಯ ಮುದ್ರೆ ಒತ್ತಿದರು. ಬೆಳಗ್ಗೆ 7ರಿಂದ ರಾತ್ರಿ 10ರ ತನಕ ಗಂಟೆಗೊಂದು ಸೆಲ್ಫಿ ಕಳಿಸಬೇಕು ಎಂದು ಅಪ್ಪಣೆ ಆಯಿತು. ಉದ್ದೇಶ ಒಳ್ಳೆಯದೇ ಇತ್ತು. ಯಾರೂ ಹೊರಗೆ ಬಾರದಿರಲಿ, ರೋಗ ಹಬ್ಬದಿರಲಿ ಅಂತ.

ಆದರೆ ಪಟ್ಟಿ ಸರ್ಕಾರದ ಕೈಯಿಂದ ಹೊರಗೆ ಬಿದ್ದದ್ದೇ ತಡ, ವಾಟ್ಸಪ್ಪಿನಲ್ಲಿ ಊರೂರು ಸುತ್ತಿತು. ಹಾಲಿನ ಹುಡುಗ ಆ ಮನೆಗೆ ಹಾಲು ಹಾಕಲಿಲ್ಲ. ಬಾಡಿಗೆ ಮನೆಯವರಿಗೆ ಖಾಲಿ ಮಾಡಿ ಅಂದರು. 14 ದಿನ ಮುಗಿದು ಆರೋಗ್ಯವಾಗಿ ಹೊರಗೆ ಬಂದವರನ್ನೂ ಜನ ದೂರದಿಂದ ಬೆರಳು ತೋರಿಸಿ ಮಾತಾಡಿದರು. ಮನೆ ಬಾಗಿಲಿಗೆ ಪೋಸ್ಟರು ಅಂಟಿಸಿದ್ದಂತೂ ಗೊತ್ತೇ ಇದೆ. ಆ ಪೋಸ್ಟರಿನ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ವಿಪತ್ತು ನಿರ್ವಹಣೆ ಕಾಯಿದೆಯ ಕೆಳಗೆ ಅಧಿಕಾರ ಇರುವವರು ಆದೇಶ ಮಾಡಿದ ಹೊರತು ಬಾಗಿಲಿಗೆ ಪೋಸ್ಟರು ಅಂಟಿಸುವಂತಿಲ್ಲ ಎಂದು 2020ರ ಡಿಸೆಂಬರ್ 9ರಂದು ಕೋರ್ಟು ಹೇಳಿತು. ಅಷ್ಟು ಹೊತ್ತಿಗೆ ಅಂಟಿಸಿದ್ದ ಪೋಸ್ಟರುಗಳು ಮಳೆಗೆ ನೆನೆದು ಬಿದ್ದುಹೋಗಿದ್ದವು. ಅಂಟಿದ ಹೆಸರು ಮಾತ್ರ ಬೀಳಲಿಲ್ಲ.

ನಿಜವಾದ ನಷ್ಟ ಆದದ್ದು ಅದರ ನಂತರ. ಜನ ಹುಷಾರಾದರು. ಕೆಮ್ಮು ಬಂದರೆ ಬಾಯಿಗೆ ಟವೆಲ್ಲು ಒತ್ತಿಕೊಂಡು ಕೆಮ್ಮಿದರು. ಮೆಡಿಕಲ್ ಶಾಪಿಗೆ ಹೋಗಿ 'ನನಗಲ್ಲ, ಊರಲ್ಲಿರೋ ನಮ್ಮ ಚಿಕ್ಕಪ್ಪನಿಗೆ' ಅಂತ ಜ್ವರದ ಮಾತ್ರೆ ಕೊಂಡರು. ಪರೀಕ್ಷೆಗೆ ಹೋದರೆ ತಪ್ಪು ಫೋನ್ ನಂಬರು ಬರೆಸಿದರು. ಊರು ಕಾಯಲೆಂದು ಹೊರಗೆ ಬಿಟ್ಟ ಪಟ್ಟಿಯೇ ಕೊನೆಗೆ ಊರಿನ ಕಣ್ಣು ಕಟ್ಟಿತು.

ಪ್ಲೇಗಿನ ಕಾಲದ ಪಾಠ

ಇದೇನು ಹೊಸ ಕಥೆಯಲ್ಲ. ನಮ್ಮ ಅಜ್ಜಂದಿರ ಕಾಲದಲ್ಲಿ ಪ್ಲೇಗು ಬಂದಾಗಲೂ ಹೀಗೇ ಆಯಿತು. ಆಗಿನ ಬ್ರಿಟಿಷ್ ಸರ್ಕಾರ 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಮಾಡಿ ಅಧಿಕಾರಿಗಳ ಕೈಗೆ ದೊಡ್ಡ ಬೆತ್ತ ಕೊಟ್ಟಿತು. ಪುಣೆಯಲ್ಲಿ ಸೋಲ್ಜರುಗಳು ಮನೆಮನೆಗೆ ನುಗ್ಗಿ ರೋಗಿಗಳನ್ನು ಹುಡುಕಿದರು. ಜನ ರೋಗಿಯನ್ನು ಅಟ್ಟದ ಮೇಲೆ ಬಚ್ಚಿಟ್ಟರು, ಹೆಣವನ್ನು ಗುಟ್ಟಾಗಿ ಸಾಗಿಸಿದರು. ಅಲ್ಲಿನ ಪ್ಲೇಗ್ ಅಧಿಕಾರಿ ರ‍್ಯಾಂಡ್ ಸಾಹೇಬ ಅದೇ ವರ್ಷ ಜೂನ್ 22ರ ರಾತ್ರಿ ಗುಂಡಿಗೆ ಗುರಿಯಾದ.

ಮರುವರ್ಷ, 1898ರಲ್ಲಿ, ಪ್ಲೇಗು ಬೆಂಗಳೂರು ಹೊಕ್ಕು ಮೈಸೂರು ಸೀಮೆಗೆ ಹಬ್ಬಿತು. ಶ್ರೀರಂಗಪಟ್ಟಣದ ಪಕ್ಕದ ಗಂಜಾಂನಲ್ಲಿ ಪ್ಲೇಗ್ ಕಟ್ಟಳೆಗಳ ವಿರುದ್ಧ ಜನ ದಂಗೆ ಎದ್ದರು. ಜನಕ್ಕೆ ರೋಗದ ಭಯ ಇರಲಿಲ್ಲವೇ? ಇತ್ತು. ರೋಗಕ್ಕಿಂತ ಹೆಚ್ಚಾಗಿ ಪಟ್ಟಿ ಹಿಡಿದು ಬಾಗಿಲಿಗೆ ಬರುವವರ ಭಯ ಇತ್ತು. ಆ ಭಯ ಇರುವ ತನಕ ಯಾವ ಕಟ್ಟಳೆಯೂ ಕೆಲಸ ಮಾಡುವುದಿಲ್ಲ.

ಸೋರಿದರೆ ಜೇಬಿಗೂ ಕತ್ತರಿ

"ನನಗೇನು ಕಾಯಿಲೆ ಇಲ್ಲ, ಮುಚ್ಚುಮರೆ ಇಲ್ಲ, ನನ್ನ ವಿವರ ಹೊರಗೆ ಹೋದರೆ ನಂಗೇನು?" ಅನ್ನುವ ಗಟ್ಟಿಗರೂ ಇದ್ದಾರೆ. ಅವರಿಗೆ ಎರಡು ಸಂಗತಿ.

2023ರಲ್ಲಿ ಬೆಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿದ ಕೆಲವರ ಬ್ಯಾಂಕ್ ಖಾತೆಯಿಂದ ಹಣ ಮಾಯವಾಯಿತು. ಎಟಿಎಂ ಕಾರ್ಡು ಕೊಟ್ಟಿರಲಿಲ್ಲ, ಓಟಿಪಿ ಬಂದಿರಲಿಲ್ಲ. ನೋಂದಣಿ ಪತ್ರದ ಪ್ರತಿಯಲ್ಲಿದ್ದ ಬೆರಳಚ್ಚು, ಆಧಾರ್ ನಂಬರು ಎತ್ತಿಕೊಂಡು, ಹೆಬ್ಬೆಟ್ಟಿನ ಗುರುತಿನಿಂದ ಹಣ ತೆಗೆಯುವ ವ್ಯವಸ್ಥೆಯ ಮೂಲಕ ದೋಚಿದ್ದಾರೆ ಎಂದು ಪೊಲೀಸರಿಗೆ ದೂರುಗಳು ಬಂದವು. ಪಾಸ್‌ವರ್ಡ್ ಕಳುವಾದರೆ ಬದಲಿಸಬಹುದು. ಹೆಬ್ಬೆಟ್ಟು ಕಳುವಾದರೆ ಏನು ಮಾಡುತ್ತೀರಿ?

ಇನ್ನೊಂದು 2022ರ ಕಥೆ. ಬೆಂಗಳೂರಿನ ಆಗಿನ ಬಿಬಿಎಂಪಿ ಒಂದು ಸಂಸ್ಥೆಗೆ ಮತದಾರರಲ್ಲಿ ಅರಿವು ಮೂಡಿಸಿ ಎಂದು ಅನುಮತಿ ಪತ್ರ ಕೊಟ್ಟಿತ್ತು. ಅವರ ಹುಡುಗರು ಕೊರಳಿಗೆ ಗುರುತಿನ ಚೀಟಿ ತಗಲಿಸಿಕೊಂಡು, ಸರ್ಕಾರದ ಕಡೆಯವರೆಂದು ಹೇಳಿಕೊಂಡು, ಮನೆಮನೆಗೆ ಹೋಗಿ ಮತದಾರರ ವಿವರ ಗುಡ್ಡೆ ಹಾಕಿದರು ಎಂಬ ಆರೋಪ ಆ ನವೆಂಬರಿನಲ್ಲಿ ಹೊರಬಿತ್ತು. ಬಂಧನಗಳಾದವು. ಅಧಿಕಾರಿಗಳ ಅಮಾನತು ಆಯಿತು. ಮೂರು ವಿಧಾನಸಭಾ ಕ್ಷೇತ್ರಗಳ ಮತದಾರರ ಪಟ್ಟಿಯಲ್ಲಿ ಸೇರಿಸಿದ, ತೆಗೆದ ಹೆಸರುಗಳನ್ನೆಲ್ಲ ಮತ್ತೆ ಪರಿಶೀಲಿಸಿ ಎಂದು ಚುನಾವಣಾ ಆಯೋಗ ಹೇಳಬೇಕಾಯಿತು. ಬಾಗಿಲು ತಟ್ಟಿದವರನ್ನು ಜನ ನಂಬಿದ್ದು ಯಾಕೆ? ಪಾಲಿಕೆಯ ಹೆಸರು ಕೇಳಿ. ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದೇ ಅಲ್ಲವೇ?

ಕಾನೂನು ಏನನ್ನುತ್ತದೆ?

ಈ ವಿಷಯದಲ್ಲಿ ಇಡೀ ದೇಶಕ್ಕೆ ದಾರಿ ತೋರಿಸಿದವರು ನಮ್ಮವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ರ ವಯಸ್ಸಿನಲ್ಲಿ, ಆಧಾರ್ ವಿಚಾರವಾಗಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ಮೊಮ್ಮಕ್ಕಳ ಜೊತೆ ಆರಾಮವಾಗಿ ಇರಬಹುದಾಗಿದ್ದ ವಯಸ್ಸು. ಆ ಕೇಸಿನಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರ ಪೀಠ ಒಮ್ಮತದಿಂದ ತೀರ್ಪು ಕೊಟ್ಟಿತು. ಖಾಸಗಿತನ ಪ್ರತಿಯೊಬ್ಬನ ಮೂಲಭೂತ ಹಕ್ಕು ಎಂದಿತು. ಸರ್ಕಾರ ಅದರೊಳಗೆ ಕೈ ಹಾಕಬೇಕಾದರೆ ಕಾನೂನಿನ ಆಧಾರ ಬೇಕು, ನ್ಯಾಯವಾದ ಉದ್ದೇಶ ಬೇಕು, ಉದ್ದೇಶಕ್ಕೆ ತಕ್ಕಷ್ಟೇ ಕೈ ಹಾಕಬೇಕು ಎಂದೂ ಹೇಳಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ 98ರ ತುಂಬು ವಯಸ್ಸಿನಲ್ಲಿ ತೀರಿಕೊಂಡರು. ಅವರು ಗಳಿಸಿಕೊಟ್ಟ ಹಕ್ಕು ನಮ್ಮ ಪುರಸಭೆಯ ಗುಮಾಸ್ತರ ಮೇಜಿನ ತನಕ ಇನ್ನೂ ಬಂದು ಮುಟ್ಟಿಲ್ಲ.

ಕೋರ್ಟುಗಳು ಆಮೇಲೂ ಎಚ್ಚರಿಸಿವೆ. ಆರೋಗ್ಯ ಸೇತು ಆ್ಯಪಿನ ಮಾಹಿತಿಯನ್ನು ಜನರ ಒಪ್ಪಿಗೆ ಇಲ್ಲದೆ ಬೇರೆಯವರಿಗೆ ಕೊಡಬಾರದು ಎಂದು ಕರ್ನಾಟಕ ಹೈಕೋರ್ಟು 2021ರ ಜನವರಿಯಲ್ಲಿ ಮಧ್ಯಂತರ ಆದೇಶ ಮಾಡಿತು. 2025ರ ಸೆಪ್ಟೆಂಬರಿನಲ್ಲಿ ಮೇಷ್ಟ್ರುಗಳು ಮನೆಮನೆಗೆ ಬಂದು ಜಾತಿ, ಉದ್ಯೋಗ, ಆಸ್ತಿ ಎಲ್ಲ ಬರೆದುಕೊಂಡರಲ್ಲ, ಆ ಸಮೀಕ್ಷೆ ವಿಷಯದಲ್ಲೂ ಅದೇ ಹೈಕೋರ್ಟು ಹೇಳಿತು. ಉತ್ತರ ಕೊಡುವುದು ಜನರ ಇಷ್ಟ, ಬರೆದುಕೊಂಡದ್ದು ಗುಟ್ಟಾಗಿ ಇರಬೇಕು ಎಂದು.

ಇನ್ನು ಕಾಯಿದೆ. 2023ರ ಆಗಸ್ಟಿನಲ್ಲಿ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯಿದೆ ಬಂತು. ಅದರ ನಿಯಮಗಳು ಬಂದದ್ದು 2025ರ ನವೆಂಬರಿನಲ್ಲಿ. ಮುಖ್ಯವಾದ ಜವಾಬ್ದಾರಿಗಳು ಜಾರಿಯಾಗಲು ಅಲ್ಲಿಂದ 18 ತಿಂಗಳು, ಅಂದರೆ 2027ರ ಮೇ ತನಕ ಗಡುವು. ಸವಲತ್ತು, ಲೈಸೆನ್ಸು, ಸರ್ಟಿಫಿಕೇಟು ಕೊಡುವಾಗ, ಸಾಂಕ್ರಾಮಿಕ ರೋಗ, ಅನಾಹುತದ ಕಾಲದಲ್ಲಿ ಪ್ರತ್ಯೇಕ ಒಪ್ಪಿಗೆ ಇಲ್ಲದೆಯೂ ಸರ್ಕಾರಿ ಸಂಸ್ಥೆಗಳು ಮಾಹಿತಿ ಬಳಸಬಹುದು. ಆದರೆ ಸವಲತ್ತು, ಲೈಸೆನ್ಸಿನ ಕೆಲಸಕ್ಕೆ ಬಳಸುವಾಗ ಬೇಕಾದಷ್ಟನ್ನೇ ತಗೊಳ್ಳಬೇಕು, ಬೇಕಾದಷ್ಟು ದಿನ ಮಾತ್ರ ಇಟ್ಟುಕೊಳ್ಳಬೇಕು, ಜೋಪಾನ ಮಾಡಬೇಕು, ಪ್ರಶ್ನೆ ಇದ್ದರೆ ಯಾರನ್ನು ಕೇಳಬೇಕು ಎಂದು ತಿಳಿಸಬೇಕು ಅನ್ನುತ್ತವೆ ನಿಯಮಗಳು. ಮಾಹಿತಿ ಸೋರದಂತೆ ಜೋಪಾನ ಮಾಡದಿದ್ದರೆ ಕಾಯಿದೆಯಲ್ಲಿ 250 ಕೋಟಿ ರೂಪಾಯಿ ತನಕ ದಂಡ ಉಂಟು.

ಓದಲು ಸೊಗಸಾಗಿದೆ. ಆದರೆ ಕಾಯಿದೆಯ ಹೆಸರಿನಲ್ಲೇ 'ಡಿಜಿಟಲ್' ಅಂತ ಇದೆ ನೋಡಿ. ಕಂಪ್ಯೂಟರಿಗೆ ಏರಿದ ಮಾಹಿತಿಗೆ ಮಾತ್ರ ಅದು ಅನ್ವಯ. ಕಾಗದದಲ್ಲಿ ಬರೆದು ಕಾಗದದಲ್ಲೇ ಉಳಿದದ್ದಕ್ಕೆ ಇಲ್ಲ. ಹಾಗಾದರೆ ನನ್ನ ಕಡಲೆಕಾಯಿ ಪೊಟ್ಟಣ? ಆ ಪಟ್ಟಿ ಕಂಪ್ಯೂಟರ್ ಮೆಟ್ಟಿಲು ಹತ್ತಿರದಿದ್ದರೆ ಈ ಕಾಯಿದೆಗೂ ಅದಕ್ಕೂ ಸಂಬಂಧವೇ ಇಲ್ಲ!

ತಿರುಗುಬಾಣ

ಇನ್ನೊಂದು ತಮಾಷೆ. ಇದೇ ಕಾಯಿದೆ 2005ರ ಮಾಹಿತಿ ಹಕ್ಕು ಕಾಯಿದೆಯ ಒಂದು ಕಲಮಿಗೆ ಕತ್ತರಿ ಹಾಕಿದೆ. 'ಸಾರ್ವಜನಿಕ ಹಿತ ಇದ್ದರೆ ವೈಯಕ್ತಿಕ ಮಾಹಿತಿಯನ್ನೂ ಕೊಡಬಹುದು' ಎಂದು ಆ ಕಲಮಿನಲ್ಲೇ ಇದ್ದ ಮಾತು 2025ರ ನವೆಂಬರಿನಿಂದ ಅಲ್ಲಿಲ್ಲ. ಬೇರೆ ಕಲಮಿನಲ್ಲಿ, 8(2)ರಲ್ಲಿ, ಆ ಬಾಗಿಲು ಇನ್ನೂ ತೆರೆದಿದೆ. ಆದರೆ ಬಾಗಿಲಲ್ಲಿ ಕೂತವರು ಅದನ್ನು ತೋರಿಸಬೇಕಲ್ಲ.

ನಾಳೆ ನೀವು ಆಶ್ರಯ ಮನೆ ಯಾರ‍್ಯಾರಿಗೆ ಸಿಕ್ಕಿತು, ಚರಂಡಿ ಕಂಟ್ರಾಕ್ಟು ಯಾರ ಪಾಲಾಯಿತು ಎಂದು ಕೇಳಿದಿರಿ ಅಂತಿಟ್ಟುಕೊಳ್ಳಿ. "ಅದು ವೈಯಕ್ತಿಕ ಮಾಹಿತಿ, ಕೊಡೋಕಾಗಲ್ಲ" ಅಂತ ಉತ್ತರ ಬಂದರೆ ಆಶ್ಚರ್ಯ ಪಡಬೇಡಿ. ಸಾರ್ವಜನಿಕರ ದುಡ್ಡು ಹೋದ ಲೆಕ್ಕಕ್ಕೆ ಬೀಗ, ಬಡವನ ಕಾಯಿಲೆ ಗುಜರಿ ಅಂಗಡಿಯಲ್ಲಿ ಕೆ.ಜಿ. ಲೆಕ್ಕಕ್ಕೆ. ಮುಚ್ಚಿಡಬೇಕಾದ್ದು ಬಯಲಿಗೆ, ಬಯಲಿಗೆ ಬರಬೇಕಾದ್ದು ಬೀರುವಿಗೆ!

ಅಂಗಡಿ ಯಜಮಾನರೇ, ಇದು ನಿಮಗೆ

ಬರೀ ಕಚೇರಿಗಳನ್ನು ಬೈದರೆ ಅರ್ಧ ನ್ಯಾಯ ಮಾಡಿದ ಹಾಗೆ. ಊರು ಕಾಯುವ ಹೆಸರಿನಲ್ಲಿ ನಾವೂ ಮಾಹಿತಿ ಗುಡ್ಡೆ ಹಾಕುತ್ತಿದ್ದೇವೆ. ಪೇಟೆ ಬೀದಿಯಲ್ಲಿ ತಲೆ ಎತ್ತಿ ನೋಡಿ, ಎಷ್ಟು ಅಂಗಡಿಗೆ ಕ್ಯಾಮೆರಾ! 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯಿದೆಯ ಪ್ರಕಾರ ಹೆಚ್ಚು ಜನ ಬಂದುಹೋಗುವ ಜಾಗಗಳಲ್ಲಿ ಕ್ಯಾಮೆರಾ ಇರಬೇಕು, ಚಿತ್ರಗಳನ್ನು 30 ದಿನ ಉಳಿಸಿಡಬೇಕು. ಕಳ್ಳತನ ಆದಾಗ ಇದರಿಂದ ಉಪಕಾರ ಆಗಿದೆ, ಇಲ್ಲ ಅನ್ನಲ್ಲ.

ಆದರೆ ಕ್ಯಾಮೆರಾದಲ್ಲಿ ಬಿದ್ದದ್ದು ಪೊಲೀಸರಿಗೆ ಹೋಗುವ ಮುಂಚೆ ವಾಟ್ಸಪ್ಪಿಗೆ ಹೋಗುತ್ತಿಲ್ಲವೇ? ಕಾಲೇಜು ಹುಡುಗಿ ಯಾರ ಜೊತೆಯೋ ನಿಂತು ಐಸ್‌ಕ್ರೀಂ ತಿಂದದ್ದು, ಯಾರದೋ ಸೊಸೆ ಅಡವಿನ ಅಂಗಡಿ ಮೆಟ್ಟಿಲು ಹತ್ತಿದ್ದು ಊರಿಗೆಲ್ಲ ಯಾಕೆ? ರೀಚಾರ್ಜು ಅಂಗಡಿಯ ಪುಸ್ತಕದಲ್ಲಿ ಹೆಣ್ಣುಮಕ್ಕಳ ನಂಬರು ಎಲ್ಲರ ಕಣ್ಣಿಗೆ ಕಾಣುವ ಹಾಗೆ ಬಿದ್ದಿರುವುದು ಸರಿಯೇ? ಜೆರಾಕ್ಸ್ ಅಂಗಡಿಯಲ್ಲಿ ಸರಿಯಾಗಿ ಬಾರದ ಆಧಾರ್ ಪ್ರತಿಗಳನ್ನು ಮುದ್ದೆ ಮಾಡಿ ಬುಟ್ಟಿಗೆ ಹಾಕುತ್ತೀರಲ್ಲ, ಆ ಬುಟ್ಟಿ ಕೊನೆಗೆ ಎಲ್ಲಿಗೆ ಹೋಗುತ್ತದೆ? ನಾಲ್ಕು ಚೂರು ಮಾಡಿ ಹಾಕಿದರೆ ನಿಮಗೆ ನಷ್ಟವೇನೂ ಇಲ್ಲ.

ದುಡ್ಡು ಬೇಡದ ಆರು ಕೆಲಸ

ನಮ್ಮ ಪುರಪಿತೃಗಳು ಏನು ಕೇಳಿದರೂ ಅನುದಾನ ಇಲ್ಲ ಅನ್ನುತ್ತಾರೆ. ಅದಕ್ಕೇ ದುಡ್ಡು ಬೇಡದ ಆರು ಕೆಲಸ ಇಲ್ಲಿ ಹೇಳಿದ್ದೇನೆ. ಒಂದು ಸಾಮಾನ್ಯ ಸಭೆಯಲ್ಲಿ, ಚುನಾಯಿತ ಸದಸ್ಯರಿಲ್ಲದ ಕಡೆ ಆಡಳಿತಾಧಿಕಾರಿಯ ಒಂದು ಆದೇಶದಲ್ಲಿ, ಆಗುವಂಥವು.

ಒಂದು: ಮನೆ ಬಾಗಿಲಿಗೆ ಬಂದು ಬರೆದುಕೊಳ್ಳುವವರ ಹೆಸರು, ಯಾವ ಕೆಲಸಕ್ಕೆ, ಯಾವ ದಿನ ಎನ್ನುವುದನ್ನು ಮೊದಲೇ ನೋಟಿಸ್ ಬೋರ್ಡಿಗೆ ಹಾಕಲಿ.

ಎರಡು: ಪ್ರತಿ ಫಾರಮ್ಮಿನ ಮೇಲೆ ಎರಡು ಸಾಲು ಅಚ್ಚು ಹಾಕಿಸಲಿ. ಇದು ಯಾತಕ್ಕೆ, ಎಷ್ಟು ದಿನ ನಮ್ಮಲ್ಲಿ ಇರುತ್ತೆ ಎಂದು.

ಮೂರು: ಕಾಯಿಲೆಯ ಕಾಲಂ ಇರುವ ಪಟ್ಟಿ ಬೇರೆ, ವಿಳಾಸದ ಪಟ್ಟಿ ಬೇರೆ ಇರಲಿ. ಮೊದಲನೆಯದಕ್ಕೆ ಬೀಗ, ಬೀಗದ ಕೈಗೆ ಒಬ್ಬ ಹೊಣೆಗಾರ.

ನಾಲ್ಕು: ಸಿಬ್ಬಂದಿ ಜನರ ಪಟ್ಟಿಯ ಫೋಟೋ ತೆಗೆದು ವಾಟ್ಸಪ್ ಗುಂಪಿಗೆ ಹಾಕುವುದು ನಿಲ್ಲಲಿ.

ಐದು: ಹಳೇ ಕಡತ ವಿಲೇವಾರಿ ಮಾಡುವಾಗ ಹೆಸರಿದ್ದ ಕಾಗದವನ್ನು ಚೂರು ಮಾಡಿ, ಮಾಡಿದೆವು ಎಂದು ಸಹಿ ಹಾಕಲಿ. ಗುಜರಿಗೆ ಇಡಿಯಾಗಿ ಹಾಕುವುದು ಬಂದ್ ಆಗಲಿ.

ಆರು: ಫಲಾನುಭವಿಗಳ ಪಟ್ಟಿ, ಕಾಮಗಾರಿ ಲೆಕ್ಕ, ಕಂಟ್ರಾಕ್ಟಿನ ಬಿಲ್ಲು ಮಾತ್ರ ಧಾರಾಳವಾಗಿ ಬೋರ್ಡಿಗೆ ಹಾಕಲಿ. ಅದರಲ್ಲಿ ಆಧಾರ್ ನಂಬರೂ ಬ್ಯಾಂಕ್ ಖಾತೆಯೂ ಬೇಡ, ಹೆಸರು ಮತ್ತು ಮೊತ್ತ ಸಾಕು.

ಓದುಗರೂ ಸುಮ್ಮನೆ ಕೂರಬೇಡಿ. ಬಾಗಿಲಿಗೆ ಬಂದವರನ್ನು ಗುರುತಿನ ಚೀಟಿ ಕೇಳಿ. ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳಬಾರದು. ಮಾಡಿಕೊಂಡರೆ ಅನುಮಾನಕ್ಕೆ ಎಡೆ. ಜೆರಾಕ್ಸ್ ಪ್ರತಿ ಕೊಡುವಾಗ ಅದರ ಮೇಲೆ 'ಇಂಥ ಕೆಲಸಕ್ಕೆ ಮಾತ್ರ' ಎಂದು ಬರೆದು ತಾರೀಖು ಹಾಕಿ. ಪೂರಾ ನಂಬರು ಬೇಡದ ಕಡೆ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಆಧಾರ್ ಪ್ರತಿ ಕೊಡಿ. ಆಧಾರಿನ ಬೆರಳಚ್ಚಿಗೆ ಬೀಗ ಹಾಕುವ ಅನುಕೂಲ ಇದೆ, ಮೊಬೈಲ್ ಬಲ್ಲ ಮಕ್ಕಳ ಹತ್ತಿರ ಮಾಡಿಸಿಕೊಳ್ಳಿ. ಹಣ ಹೋದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ.

ಮೇಷ್ಟ್ರ ಮಾತು

ಆ ಸಂಜೆ ನಾನು ಐದೂವರೆ ಬಸ್ಸು ಹತ್ತಲಿಲ್ಲ. ಪೊಟ್ಟಣದ ಕಾಗದ ಜೇಬಿಗೆ ಹಾಕಿಕೊಂಡು ಸೀದಾ ಮೇಷ್ಟ್ರ ಮನೆಗೆ ಹೋದೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಬೈಯಲಿಲ್ಲ. ಕಾಗದವನ್ನು ನೀಟಾಗಿ ಮಡಚಿದರು.

"ಆ ಹುಡುಗಿ ಬಂದು ಕೇಳಿದಾಗ ನಾನೇ ಹೇಳಿದ್ದು ಕಣಯ್ಯ" ಅಂದರು. "ಹೆಂಡತಿಗೂ ಹೇಳಿರಲಿಲ್ಲ, ಆ ಹುಡುಗಿಗೆ ಹೇಳಿದೆ. ಊರಿಗೆ ಒಳ್ಳೇದಾಗಲಿ, ಔಷಧಿ ಗಿವುಷಧಿ ಕೊಡ್ತಾರೇನೋ ಅಂತ. ಪಾಪ, ಬಿಸಿಲಲ್ಲಿ ಬಂದಿದ್ದಳು. ನೀರು ಕೊಟ್ಟು ಕೂರಿಸಿ ಎಲ್ಲ ಬರೆಸಿದೆ."

"ಇನ್ನೊಂದು ಸಲ ಬಂದರೆ ಸಾರ್?"

"ನೀರು ಕೊಡ್ತೀನಿ."

"ಮತ್ತೆ ವಿವರ?"

ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡರು. "ಏನೂ ಇಲ್ಲಮ್ಮ, ಎಲ್ಲರೂ ಚೆನ್ನಾಗಿದ್ದೀವಿ ಅಂತ ಹೇಳಿ ಕಳಿಸ್ತೀನಿ."

ನಲವತ್ತು ವರ್ಷ ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದು ಪಾಠ ಮಾಡಿದ ಮನುಷ್ಯ ಇವರು. ಮುಂದಿನ ಸಲ ಊರಿಗೆ ಜ್ವರ ಬಂದಾಗ ಈ ಊರಿನ ಎಷ್ಟು ಮನೆಯವರು 'ಎಲ್ಲರೂ ಚೆನ್ನಾಗಿದ್ದೀವಿ' ಅಂತ ಹೇಳಿ ಕಳಿಸುತ್ತಾರೆ? ಆಗ ಹೊಗೆ ಗಾಡಿ ಯಾವ ಬೀದಿಗೆ ಹೋಗುತ್ತೆ?

ಸಂಬಂಧಪಟ್ಟವರು ಉತ್ತರಿಸುವರೇ?